ಬಚ್ಚಲಿನ ಗೋಡೆಗೆ ದೊಡ್ಡ ಟೈಲ್ಸ್ ಸರಿ, ನೆಲಕ್ಕೂ ಅವೇ ಬೇಕೆ?

ಪ್ರಶ್ನೆ: ವಿಜಯಪುರದ ಸೋಲಾಪುರ ರಸ್ತೆಯ ಕಡೆ ನಮ್ಮದು ಹದಿನಾಲ್ಕು ವರ್ಷದ ಹಿಂದೆ ಕಟ್ಟಿಸಿದ ಎರಡಂತಸ್ತಿನ ಮನೆ. ಕೆಳಗಿನ ಬಾತ್‌ರೂಮನ್ನು ಮಂಡಿನೋವಿರುವ ನಮ್ಮ ಅತ್ತೆಯವರು ಬಳಸುತ್ತಾರೆ. ಅದರ ನೇರ ಮೇಲೆ ನಮ್ಮ ಬಾತ್‌ರೂಮ್ ಇದೆ. ಎರಡೂ ಐದಡಿ ಅಗಲ, ಏಳೂವರೆ ಅಡಿ ಉದ್ದ. ಬಾಗಿಲು ಐದಡಿಯ ಗೋಡೆಗಿದೆ. ಮೇಲಿನಿಂದ ತೇವ ಇಳಿದು ಕೆಳಗಿನ ಸೀಲಿಂಗಿನ ಬಣ್ಣ ಉದುರುತ್ತಿದೆ. ಎರಡನ್ನೂ ಹೊಸದಾಗಿ ಮಾಡಿಸಬೇಕೆಂದು ಎರಡಡಿ–ನಾಲ್ಕಡಿ ಅಳತೆಯ, ಬಿಳಿ ಮಾರ್ಬಲ್‌ನಂತೆ ಕಾಣುವ ಹೊಳಪಿನ ಟೈಲ್ಸ್ ಆರಿಸಿ ಮುಂಗಡ ಕೊಟ್ಟಿದ್ದೇವೆ. ಒಂದೊಂದು ಬಾತ್‌ರೂಮಿಗೆ ಏಳಡಿ ಎತ್ತರದವರೆಗೆ ಗೋಡೆಗೆ 11 ಬಾಕ್ಸ್, ನೆಲಕ್ಕೆ ಅದೇ ಟೈಲ್ 3 ಬಾಕ್ಸ್ ಎಂದು ಅಂಗಡಿಯವರು ಲೆಕ್ಕ ಕೊಟ್ಟಿದ್ದಾರೆ. "ಜಾಯಿಂಟ್ ಕಡಿಮಿ ಇರ್ತಾವ, ನೀರು ಸೋರೂದಿಲ್ಲ, ಕಲೆನೂ ಕೂಡೂದಿಲ್ಲ, ನೆಲಕ್ಕೂ ಇದನ್ನ ಹಾಕ್ರಿ" ಎಂಬುದು ಅವರ ಮಾತು. ಹಳೆಯ ಟೈಲ್ಸ್ ಒಡೆಯುವುದೇ ಬೇಡ, ಅವುಗಳ ಮೇಲೆಯೇ ಕೂರಿಸೋಣ, ಅಡ್ಹೆಸಿವ್‌ಗೆ ದುಡ್ಡು ಸುರಿಯಬೇಡಿ, ಸಿಮೆಂಟಿನಲ್ಲೇ ಗಟ್ಟಿಯಾಗುತ್ತದೆ ಎಂದು ಗೌಂಡಿಯವರು ಹೇಳುತ್ತಾರೆ. ಆದರೆ ಬಾಗಲಕೋಟೆಯ ನವನಗರದಲ್ಲಿರುವ ನನ್ನ ತಂಗಿಯ ಮನೆಯಲ್ಲಿ ಇಂಥದ್ದೇ ಟೈಲ್ ಒಂದು ವರ್ಷದೊಳಗೆ ಗೋಡೆಯಿಂದ ಕಳಚಿ ಬಿತ್ತು. ಸಣ್ಣ ಬಾತ್‌ರೂಮಿಗೆ ದೊಡ್ಡ ಟೈಲ್ಸ್ ಒಪ್ಪುವುದಿಲ್ಲ ಎನ್ನುವವರೂ ಇದ್ದಾರೆ. ನಮ್ಮ ಬೋರ್‌ವೆಲ್ ನೀರು ಸವಳು. ಯಾರ ಮಾತು ಕೇಳಬೇಕು?

ಉತ್ತರ: ನಿಮಗೆ ಸಲಹೆ ಕೊಟ್ಟ ಇಬ್ಬರ ಮಾತಿನಲ್ಲೂ ಅರ್ಧರ್ಧ ಸತ್ಯವಿದೆ, ತೊಡಕು ಬಂದಿರುವುದೂ ಅಲ್ಲಿಂದಲೇ. ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವಿದ್ದರೂ ನಿಜವಾದ ಆತಂಕಗಳು ಮೂರು: ಅತ್ತೆಯವರು ಜಾರಿ ಬೀಳಬಾರದು, ಗೋಡೆಯ ಟೈಲ್ ಕಳಚಬಾರದು, ಮೇಲಿನ ನೀರು ಕೆಳಗೆ ಇಳಿಯಬಾರದು. ಈ ಮೂರಕ್ಕೂ ಉತ್ತರ ಟೈಲಿನ ಮುಖದಲ್ಲಿ ಸಿಗುವುದು ಕಡಿಮೆ. ನೆಲದ ಇಳಿಜಾರು, ಗೋಡೆಯ ಮಟ್ಟ ಮತ್ತು ಟೈಲಿನ ಬೆನ್ನಿಗೆ ಏನು ಹಚ್ಚುತ್ತೀರಿ ಎಂಬುದರ ಮೇಲೆ ಎಲ್ಲವೂ ನಿಂತಿದೆ. ನೀವು ಆರಿಸಿದ ಟೈಲ್ ಗೋಡೆಗೆ ಚೆನ್ನಾಗಿಯೇ ಇದೆ. ನೆಲಕ್ಕೆ ಮಾತ್ರ ಅದನ್ನು ಹಾಕಿಸಬೇಡಿ. ಕಾರಣಗಳನ್ನು ಒಂದೊಂದಾಗಿ ಹೇಳುತ್ತೇನೆ.

ಸಣ್ಣ ಕೋಣೆಗೆ ದೊಡ್ಡ ಟೈಲ್ ಒಪ್ಪುವುದಿಲ್ಲ ಎಂಬ ಮಾತನ್ನು ಮೊದಲು ಬದಿಗಿಡೋಣ. ಗೆರೆಗಳು ಕಡಿಮೆಯಾದಷ್ಟೂ ಗೋಡೆ ಬಿಡುವಾಗಿ ಕಾಣುತ್ತದೆ, ಆದ್ದರಿಂದ ಐದಡಿಯ ಬಚ್ಚಲಿಗೂ ಎರಡಡಿ–ನಾಲ್ಕಡಿಯ ಟೈಲ್ ಹೊಂದುತ್ತದೆ. ಅಂದ ಕೆಡುವುದು ಮೂಲೆಯಲ್ಲಿ ಎರಡು ಮೂರು ಇಂಚಿನ ಪಟ್ಟಿಗಳು ಉಳಿದಾಗ, ಕಿಟಕಿಯ ಸುತ್ತ ಚೂರುಗಳನ್ನು ಜೋಡಿಸಿದಾಗ. ಅದು ಅಳತೆಯ ತಪ್ಪೇ ಹೊರತು ಟೈಲಿನದಲ್ಲ. ಗೋಡೆಗಳ ನಕ್ಷೆಯನ್ನು ಒಂದು ಹಾಳೆಯಲ್ಲಿ ಬರೆದು, ಟೈಲ್ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಗುರುತಿಸದೆ ಯಾರೂ ದೊಡ್ಡ ಟೈಲ್ಸ್ ಕೊಳ್ಳಬಾರದು.

ಅಂಗಡಿಯ ಲೆಕ್ಕ ತಪ್ಪಿರುವುದೂ ಇಲ್ಲಿಯೇ. ನಿಮ್ಮ ಬಚ್ಚಲಿನ ಸುತ್ತಳತೆ 25 ಅಡಿ; ಏಳಡಿ ಎತ್ತರಕ್ಕೆ 175 ಚದರ ಅಡಿ; ಎರಡೂವರೆ ಅಡಿಯ ಬಾಗಿಲು ಕಳೆದರೆ ಸುಮಾರು 157. ಅದಕ್ಕೆ ನೂರಕ್ಕೆ ಹತ್ತರಷ್ಟು ಸೇರಿಸಿ, ಎಂಟು ಚದರ ಅಡಿಗೊಂದರಂತೆ 22 ಟೈಲ್, ಬಾಕ್ಸಿಗೆ ಎರಡರಂತೆ 11 ಬಾಕ್ಸ್ ಎಂದಿದ್ದಾರೆ. ಸಣ್ಣ ಟೈಲಿಗೆ ಈ ಲೆಕ್ಕ ನಡೆಯುತ್ತದೆ. ದೊಡ್ಡದರಲ್ಲಿ ಕತ್ತರಿಸಿ ಉಳಿದ ತುಂಡು ಇನ್ನೊಂದು ಕಡೆ ಕೂರುವುದು ಅಪರೂಪ, ಆದ್ದರಿಂದ ಚದರ ಅಡಿ ಬಿಟ್ಟು ನಿಂತ ಸಾಲುಗಳನ್ನು ಎಣಿಸಬೇಕು. ಟೈಲಿನ ನಿಜವಾದ ಅಳತೆ 600 ಮತ್ತು 1200 ಮಿಲಿಮೀಟರ್. ಅದನ್ನು ಉದ್ದುದ್ದಕ್ಕೆ ನಿಲ್ಲಿಸಿದರೆ ಬಾಗಿಲೆದುರಿನ ಗೋಡೆಗೆ ಎರಡು ಪೂರ್ತಿ ಸಾಲು ಮತ್ತು ಒಂದಡಿಗಿಂತ ತುಸು ಹೆಚ್ಚಿನ ಒಂದು ತುಂಡು, ಉದ್ದದ ಎರಡು ಗೋಡೆಗಳಿಗೆ ಮೂರು ಮೂರು ಪೂರ್ತಿ ಸಾಲು ಮತ್ತು ಒಂದೂವರೆ ಅಡಿಯ ಒಂದೊಂದು ತುಂಡು, ಬಾಗಿಲ ಪಕ್ಕಕ್ಕೆ ಒಂದು ಪೂರ್ತಿ ಸಾಲು ಮತ್ತು ಆರೇಳು ಇಂಚಿನ ತುಂಡು ಬೇಕು. ಒಂದಡಿಯ ತುಂಡನ್ನೂ ಬಾಗಿಲ ಪಕ್ಕದ ತುಂಡನ್ನೂ ಒಂದೇ ಟೈಲಿನಲ್ಲಿ ತೆಗೆಯಬಹುದು. ಒಂದೂವರೆ ಅಡಿಯ ತುಂಡುಗಳಿಗೆ ಒಂದೊಂದು ಟೈಲ್ ಹೋಗುತ್ತದೆ. ಅಲ್ಲಿಗೆ 12 ಸಾಲು, ಸಾಲಿಗೆ ಎರಡರಂತೆ 24 ಟೈಲ್. ಬಾಗಿಲೆದುರಿನ ಗೋಡೆಯಲ್ಲಿ ಎರಡೂ ಅಂಚು ಸಮವಾಗಿ ಕಾಣಲಿ ಎಂದು ನಡುವಿನಿಂದ ಶುರು ಮಾಡಿಸಿದರೆ 26. ಒಡೆಯುವುದಕ್ಕೆಂದು ಒಂದೆರಡು ಬೇರೆ ಬೇಕು. 22 ಟೈಲ್ ತಂದರೆ ಕೆಲಸದ ಕೊನೆಯಲ್ಲಿ ಮತ್ತೆ ಅಂಗಡಿಗೆ ಓಡಬೇಕಾಗುತ್ತದೆ, ಆಗ ಸಿಗುವ ಬ್ಯಾಚಿನ ಬಣ್ಣವೂ ಅಳತೆಯೂ ಕೂದಲೆಳೆಯಷ್ಟು ಬೇರೆ ಇರುತ್ತವೆ.

ಏಳಡಿಗೆ ನಿಲ್ಲಿಸಿದರೆ ಮೇಲಿನ ಪ್ರತಿ ಟೈಲಿನಿಂದಲೂ ಒಂದಡಿಯ ತುಂಡು ಕತ್ತರಿಸಿ ಎಸೆಯುತ್ತೀರಿ. ಸೀಲಿಂಗ್ ಎತ್ತರವಿದ್ದರೆ ಎರಡು ಟೈಲನ್ನೂ ಪೂರ್ತಿಯಾಗಿ, ಅಂದರೆ ಸುಮಾರು 7 ಅಡಿ 10 ಇಂಚಿನವರೆಗೆ ಏರಿಸಿ. ಟೈಲಿನ ಸಂಖ್ಯೆ ಹೆಚ್ಚುವುದಿಲ್ಲ, ಕತ್ತರಿಸುವ ಕೆಲಸ ಅರ್ಧವಾಗುತ್ತದೆ, ಬಾಗಿಲ ಮೇಲಿನ ಪಟ್ಟಿಗೆ ಉಳಿದ ತುಂಡೇ ಸಾಕಾಗುತ್ತದೆ.

ಈಗ ನೆಲಕ್ಕೆ ಬರೋಣ. ಬಚ್ಚಲಿನ ನೆಲಕ್ಕೆ ಸಾಮಾನ್ಯವಾಗಿ 80ಕ್ಕೆ 1ರಷ್ಟು, ಎಂದರೆ ಒಂದು ಮೀಟರಿಗೆ 12 ಮಿಲಿಮೀಟರಿನಷ್ಟು ಇಳಿಜಾರು ಕೊಡುತ್ತೇವೆ. ನಿಮ್ಮ ಏಳೂವರೆ ಅಡಿಯ ಉದ್ದಕ್ಕೆ ಬಾಗಿಲಿನಿಂದ ಆ ತುದಿಗೆ ಒಂದಿಂಚಿಗಿಂತ ಸ್ವಲ್ಪ ಹೆಚ್ಚು ಇಳಿಯಬೇಕು. ನಮ್ಮ ಕಡೆಯ ಮನೆಗಳಲ್ಲಿ ನಹಾನಿ ಟ್ರ್ಯಾಪ್, ಅಂದರೆ ಬಚ್ಚಲಿನ ನೀರು ಹೊರಹೋಗುವ ಜಾಲರಿಯ ಕಿಂಡಿ, ಮೂಲೆಯಲ್ಲೋ ಗೋಡೆಯ ಮಗ್ಗುಲಲ್ಲೋ ಇರುವುದರಿಂದ ನೀರು ಬೇರೆ ಬೇರೆ ದಿಕ್ಕಿನಿಂದ ಆ ಒಂದು ಬಿಂದುವಿಗೆ ಹರಿಯಬೇಕಾಗುತ್ತದೆ. ಒಂದಡಿಯ ಟೈಲ್‌ಗಳನ್ನು ಹಾಕಿದರೆ ಪ್ರತಿ ಜಾಯಿಂಟಿನಲ್ಲೂ ಸ್ವಲ್ಪ ಸ್ವಲ್ಪ ವಾಲಿಸಿ ಈ ಇಳಿಜಾರನ್ನು ತರಬಹುದು. ನಾಲ್ಕಡಿಯ ಟೈಲ್ ಬಾಗುವುದಿಲ್ಲ. ಗೌಂಡಿಯ ಮುಂದೆ ಎರಡೇ ದಾರಿ ಉಳಿಯುತ್ತವೆ: ಟ್ರ್ಯಾಪಿನ ಕಡೆಗೆ ಓರೆಯಾಗಿ ಕತ್ತರಿಸಿ ಮಡಿಕೆ ಕೊಡುವುದು, ಇಲ್ಲವೇ ಇಳಿಜಾರನ್ನು ಮರೆತು ಮಟ್ಟವಾಗಿ ಕೂರಿಸುವುದು. ಮೊದಲನೆಯದರಲ್ಲಿ ನೀವು ಮೆಚ್ಚಿ ತಂದ ಮಾರ್ಬಲ್ ಗೆರೆ ಚೂರುಚೂರಾಗುತ್ತದೆ. ಎರಡನೆಯದರಲ್ಲಿ ನೀರು ನಿಲ್ಲುತ್ತದೆ, ಮತ್ತು ಸವಳು ನೀರು ನಿಂತು ಆರಿದಲ್ಲೆಲ್ಲ ಬಿಳಿ ಪದರ ಕಟ್ಟುತ್ತದೆ. ನಾನು ನೋಡಿರುವ ದೊಡ್ಡ ಟೈಲಿನ ನೆಲಗಳಲ್ಲಿ ಹೆಚ್ಚಿನವು ಹೀಗೆ ನೀರು ನಿಂತೇ ಕೆಟ್ಟಿವೆ.

ನೆಲಕ್ಕೂ ದೊಡ್ಡ ಟೈಲೇ ಬೇಕೆಂಬ ಹಂಬಲವಿದ್ದರೆ ಒಂದು ಮಾರ್ಗವಿದೆ. ನಹಾನಿ ಟ್ರ್ಯಾಪಿನ ಬದಲು ಹಿಂಬದಿಯ ಐದಡಿ ಗೋಡೆಯ ಬುಡದಲ್ಲಿ ಉದ್ದನೆಯ ಚಾನೆಲ್ ಡ್ರೇನ್ ಕೂರಿಸಿದರೆ ಇಡೀ ನೆಲ ಒಂದೇ ದಿಕ್ಕಿಗೆ ಇಳಿಯುತ್ತದೆ, ಟೈಲನ್ನು ಓರೆಯಾಗಿ ಕತ್ತರಿಸುವ ಪ್ರಮೇಯವೇ ಬರುವುದಿಲ್ಲ. ಆದರೆ ಚಾನೆಲ್‌ಗೆ ನೆಲದಡಿ ಆಳ ಬೇಕು, ಕೂದಲು ಮತ್ತು ಸೋಪಿನ ಗಸಿಯನ್ನು ಪ್ರತಿ ವಾರ ತೆಗೆಯಬೇಕು, ಟ್ರ್ಯಾಪಿನಲ್ಲಿ ವಾಸನೆ ತಡೆಯುವಷ್ಟು ನೀರು, ಅಂದರೆ 50 ಮಿಲಿಮೀಟರ್, ನಿಲ್ಲುವಂಥದ್ದನ್ನೇ ಹುಡುಕಿ ತರಬೇಕು. ಆಗಲೂ ಹೊಳಪಿನ ಟೈಲ್ ಸಲ್ಲದು. ಹೊಸದಾಗಿ ಸ್ಲ್ಯಾಬ್ ಹಾಕುವವರಿಗೆ ಇದನ್ನು ಧೈರ್ಯವಾಗಿ ಹೇಳುತ್ತೇನೆ, ನಿಮ್ಮ ಹಳೆಯ ಮನೆಗೆ ಅಷ್ಟು ಸುಲಭವಾಗಿ ಹೇಳಲಾರೆ.

ಜಾರುವ ವಿಷಯದಲ್ಲಿ "ಆಂಟಿ ಸ್ಕಿಡ್" ಎಂಬ ಚೀಟಿಯನ್ನು ನಂಬಿ ಕೊಳ್ಳಬೇಡಿ. ಟೈಲಿನ ಹಿಡಿತವನ್ನು ಆರ್9ರಿಂದ ಆರ್13ರವರೆಗಿನ ಸಂಖ್ಯೆಯಲ್ಲಿ ಹೇಳುತ್ತಾರೆ. ಸಂಖ್ಯೆ ಏರಿದಂತೆ ಹಿಡಿತ ಹೆಚ್ಚು. ಆದರೆ ಈ ಪರೀಕ್ಷೆಯನ್ನು ಬೂಟು ಹಾಕಿಕೊಂಡು, ಎಣ್ಣೆ ಸವರಿದ ಇಳಿಜಾರಿನ ಮೇಲೆ ನಡೆದು ಮಾಡುತ್ತಾರೆ, ಕಾರ್ಖಾನೆಯಂಥ ಜಾಗಗಳನ್ನು ಗಮನದಲ್ಲಿಟ್ಟುಕೊಂಡು. ಬರಿಗಾಲಿಗೆ ಸೋಪು ನೀರಿನಲ್ಲಿ ಮಾಡುವ ಪರೀಕ್ಷೆ ಬೇರೆ ಇದೆ, ಅದರ ದರ್ಜೆ ಎ, ಬಿ, ಸಿ ಎಂದು. ಅತ್ತೆಯವರ ಬಚ್ಚಲಿಗೆ ಆರ್11 ಇರುವ, ಬರಿಗಾಲಿನ ದರ್ಜೆ ಕನಿಷ್ಠ ಬಿ ಇರುವ ಟೈಲನ್ನು ಕೇಳಿ. ಅಂಗಡಿಯಲ್ಲಿ ಆ ವಿವರ ಸಿಗದಿದ್ದರೆ ಸ್ಯಾಂಪಲ್ ಟೈಲನ್ನು ನೆಲದ ಮೇಲಿಡಿಸಿ, ಸೋಪು ನೀರು ಸುರಿದು, ಚಪ್ಪಲಿ ಬಿಟ್ಟು, ಯಾರದಾದರೂ ಕೈ ಹಿಡಿದುಕೊಂಡು ಹಿಮ್ಮಡಿಯಿಂದ ತಿಕ್ಕಿ ನೋಡಿ. ಹೊಳಪಿನ ಟೈಲಿನ ಮೇಲೂ ಹಾಗೆಯೇ ಮಾಡಿ ನೋಡಿದರೆ ಮುಂದೆ ನಾನು ಹೇಳಬೇಕಾದದ್ದು ಏನೂ ಉಳಿಯುವುದಿಲ್ಲ. ದೀಪಾವಳಿಯ ಎಣ್ಣೆ ಸ್ನಾನವನ್ನೂ ನೆನಪಿನಲ್ಲಿಡಿ. ಎಣ್ಣೆ ಬಿದ್ದಾಗ ಆರ್11 ಕೂಡ ಎಚ್ಚರಿಕೆ ಬೇಡುತ್ತದೆ.

ಸಣ್ಣ ಟೈಲಿನ ಇನ್ನೊಂದು ಅನುಕೂಲವೆಂದರೆ ಅದರ ಜಾಯಿಂಟುಗಳೇ ಪಾದಕ್ಕೆ ಹಿಡಿತ ಕೊಡುತ್ತವೆ. ಒಂದಡಿ–ಒಂದಡಿಯ ಮ್ಯಾಟ್ ಟೈಲ್ ಸಾಕು. ಗೋಡೆಯ ಬಿಳಿಗೆ ಹೊಂದುವ ನಸು ಬೂದು ಬಣ್ಣ ಆರಿಸಿದರೆ ಸವಳಿನ ಬಿಳಿಯೂ ದಿನದ ಕೊಳೆಯೂ ಅಷ್ಟಾಗಿ ಎದ್ದು ಕಾಣುವುದಿಲ್ಲ. ಬಹಳ ಒರಟಾದದ್ದು ಬೇಡ, ಅದರ ಗುಳಿಗಳಲ್ಲಿ ಸೋಪು ಕೂತು ಕಪ್ಪಾಗುತ್ತದೆ, ಉಜ್ಜುವವರ ಸೊಂಟ ಬೀಳುತ್ತದೆ. ನಮ್ಮ ಹಿರಿಯರು ಬಚ್ಚಲಿಗೆ ಹಾಸುತ್ತಿದ್ದ ಶಹಾಬಾದ್ ಫರಸಿಯನ್ನೇ ಹಾಕಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಹೊಳಪು ಮಾಡದ ಫರಸಿ ಕಾಲಿಗೆ ಹಿಡಿತ ಕೊಡುತ್ತದೆ, ನಿಜ. ಆದರೆ ಅದು ಸುಣ್ಣದ ಕಲ್ಲು. ಬಚ್ಚಲು ತೊಳೆಯುವ ಆ್ಯಸಿಡ್ ಬಿದ್ದರೆ ನೊರೆಯೆದ್ದು ಸವೆಯುತ್ತದೆ. ಆ್ಯಸಿಡ್ ಬಾಟಲಿ ಮನೆಯೊಳಗೆ ಬರುವುದಿಲ್ಲ ಎಂಬ ಖಾತ್ರಿ ಇರುವವರಿಗೆ ಮಾತ್ರ ಅದು ಒಳ್ಳೆಯ ನೆಲ.

ಇನ್ನು ಗೋಡೆ. ಸಿಮೆಂಟಿನಲ್ಲೇ ಗಟ್ಟಿಯಾಗುತ್ತದೆ ಎನ್ನುವ ನಿಮ್ಮ ಗೌಂಡಿ ಸುಳ್ಳು ಹೇಳುತ್ತಿಲ್ಲ, ತಮ್ಮ ಅನುಭವವನ್ನು ಹೇಳುತ್ತಿದ್ದಾರೆ. ಅವರು ವರ್ಷಗಟ್ಟಲೆ ಹಾಕಿದ್ದು ಎಂಟು–ಹನ್ನೆರಡು ಇಂಚಿನ ಸಿರಾಮಿಕ್ ಗೋಡೆ ಟೈಲ್ಸ್. ಅವುಗಳ ಮಣ್ಣು ತನ್ನ ತೂಕದ ನೂರಕ್ಕೆ ಹತ್ತಕ್ಕಿಂತ ಹೆಚ್ಚು ನೀರು ಹೀರುತ್ತದೆ. ಬಕೆಟ್ಟಿನಲ್ಲಿ ನೆನೆಸಿ, ಸಿಮೆಂಟ್ ಹಾಲು ಸವರಿ ಒತ್ತಿದರೆ ಆ ಹಾಲು ಟೈಲಿನ ಸಣ್ಣ ರಂಧ್ರಗಳೊಳಗೆ ಇಳಿದು ಬೇರು ಬಿಡುತ್ತದೆ. ನೀವು ಆರಿಸಿರುವುದು ವಿಟ್ರಿಫೈಡ್ ಟೈಲ್. ಅದು ನೂರಕ್ಕೆ ಅರ್ಧದಷ್ಟೂ ನೀರು ಹೀರುವುದಿಲ್ಲ. ವ್ಯತ್ಯಾಸವನ್ನು ಗೌಂಡಿಯವರಿಗೇ ತೋರಿಸಬಹುದು. ಹಳೆಯ ಸಿರಾಮಿಕ್ ಟೈಲಿನ ಬೆನ್ನಿಗೂ ಹೊಸದರ ಬೆನ್ನಿಗೂ ಒಂದೊಂದು ಚಮಚ ನೀರು ಹಾಕಿ ನಿಲ್ಲಿ. ಹಳೆಯದರ ಮೇಲೆ ನೀರು ನೋಡನೋಡುತ್ತಲೇ ಇಂಗಿ ಕಪ್ಪು ಮಚ್ಚೆಯಾಗುತ್ತದೆ, ಹೊಸದರ ಮೇಲೆ ಹನಿ ಹಾಗೆಯೇ ನಿಂತಿರುತ್ತದೆ. ನೀರು ಇಳಿಯದ ಕಡೆ ಸಿಮೆಂಟ್ ಹಾಲೂ ಇಳಿಯುವುದಿಲ್ಲ. ಅದಕ್ಕೆ ತೂಕವನ್ನೂ ಸೇರಿಸಿಕೊಳ್ಳಿ: ಒಂಬತ್ತು ಮಿಲಿಮೀಟರ್ ದಪ್ಪದ ನಿಮ್ಮ ಟೈಲ್ ಒಂದೊಂದೂ ಸುಮಾರು 15 ಕೆ.ಜಿ.

ತಂಗಿಯವರ ಮನೆಯಲ್ಲಿ ಬಿದ್ದ ಟೈಲನ್ನು ಎಸೆದಿರದಿದ್ದರೆ ಅದರ ಬೆನ್ನು ನೋಡಲು ಹೇಳಿ. ಬೆನ್ನು ಸ್ವಚ್ಛವಾಗಿದ್ದು ಸಿಮೆಂಟೆಲ್ಲ ಗೋಡೆಯಲ್ಲೇ ಉಳಿದಿದ್ದರೆ ಟೈಲನ್ನು ಅದು ಹಿಡಿದಿರಲೇ ಇಲ್ಲ ಎಂದರ್ಥ. ನಾಲ್ಕು ಮೂಲೆ ಮತ್ತು ನಡುವೆ ಉಂಡೆ ಉಂಡೆಯಾಗಿ ಅಂಟಿದ್ದು ಉಳಿದದ್ದು ಖಾಲಿ ಇದ್ದರೆ ಅವಸರದ ಕೆಲಸ. ಆ ಪೊಳ್ಳಿನಲ್ಲಿ ನೀರು ಸೇರುತ್ತದೆ, ಗೀಜರಿನ ಬಿಸಿ ಮತ್ತು ಬೆಳಗಿನ ತಂಪಿಗೆ ಟೈಲ್ ಹಿಗ್ಗಿ ಕುಗ್ಗಿ ಅಂಟು ಬಿಡುತ್ತದೆ. ಟೈಲಿನ ಜೊತೆ ಗಿಲಾವೂ ಹಲಗೆಯಂತೆ ಕಿತ್ತು ಬಂದಿದ್ದರೆ ದೋಷ ಟೈಲಿನದೂ ಅಲ್ಲ, ಅಂಟಿನದೂ ಅಲ್ಲ, ಗೋಡೆಯದು. ಮೂರಕ್ಕೂ ಪರಿಹಾರ ಬೇರೆ ಬೇರೆ. ಉಳಿದ ಗೋಡೆಯನ್ನು ಬೆರಳ ಗಣ್ಣಿನಿಂದ ತಟ್ಟಿ ನೋಡಲೂ ಹೇಳಿ. ಟೊಳ್ಳು ಸದ್ದು ಬಂದವನ್ನು ಅವೇ ಬೀಳುವ ಮೊದಲು ಇಳಿಸುವುದು ಕ್ಷೇಮ.

ಹಾಗಾದರೆ ಯಾವ ಅಡ್ಹೆಸಿವ್? ಭಾರತೀಯ ಮಾನಕ ಐಎಸ್ 15477 ಎಂಬ ಗುರುತು ಚೀಲದ ಮೇಲೆ ಇರಬೇಕು. ಜೊತೆಗೆ ಸಿ2ಟಿಇ ಎಂಬ ಅಕ್ಷರಗಳನ್ನು ಹುಡುಕಿ: ಸಿ2 ಎಂದರೆ ಹೆಚ್ಚಿನ ಹಿಡಿತ, ಟಿ ಎಂದರೆ ಟೈಲ್ ಕೆಳಗೆ ಜಾರದಿರುವುದು, ಇ ಎಂದರೆ ಹಚ್ಚಿದ ಮೇಲೆ ಕೂರಿಸಲು ಹೆಚ್ಚು ಸಮಯ ಸಿಗುವುದು. ಸ್ವಲ್ಪ ಬಾಗುವ ಗುಣವಿರುವ ಎಸ್1 ದರ್ಜೆ ಸಿಕ್ಕರೆ ಈ ಅಳತೆಯ ಟೈಲಿಗೆ ಇನ್ನೂ ಒಳ್ಳೆಯದು. ಬೆನ್ನಿಗೂ ಸವರಬೇಕಾದ್ದರಿಂದ 20 ಕೆ.ಜಿ. ಚೀಲಕ್ಕೆ 40 ಚದರ ಅಡಿಯ ಆಸುಪಾಸು ಲೆಕ್ಕ ಹಿಡಿಯಿರಿ.

ಒಳ್ಳೆಯ ಚೀಲ ತಂದರಷ್ಟೇ ಸಾಲದು, ಹಚ್ಚುವ ರೀತಿಯೂ ಮುಖ್ಯ. ಟೈಲಿನ ಬೆನ್ನಿಗೆ ಭಟ್ಟಿಯಿಂದ ಬಂದ ಬಿಳಿ ಪುಡಿ ಅಂಟಿರುತ್ತದೆ. ಒದ್ದೆ ಬಟ್ಟೆಯಿಂದ ಅದನ್ನು ಒರೆಸದಿದ್ದರೆ ಅಂಟು ಹಿಡಿಯುವುದು ಪುಡಿಯನ್ನು, ಟೈಲನ್ನಲ್ಲ. ಗೋಡೆಗೆ ಹತ್ತು ಹನ್ನೆರಡು ಮಿಲಿಮೀಟರಿನ ಹಲ್ಲಿರುವ ಕರಣಿಯಿಂದ ಒಂದೇ ದಿಕ್ಕಿಗೆ ನೇರ ಗೆರೆಗಳನ್ನು ಎಳೆಯಬೇಕು. ಸುತ್ತು ಸುತ್ತಾಗಿ ಎಳೆದರೆ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ಟೈಲಿನ ಬೆನ್ನಿಗೆ ತೆಳುವಾಗಿ ಪೂರ್ತಿ ಸವರಿ, ಗೋಡೆಗೆ ಒತ್ತಿ, ಗೆರೆಗಳಿಗೆ ಅಡ್ಡಲಾಗಿ ಸ್ವಲ್ಪ ಆಡಿಸಬೇಕು. ಮೊದಲ ಟೈಲನ್ನು ಕೂರಿಸಿದ ತಕ್ಷಣ ಕಿತ್ತು ತೋರಿಸಲು ಕೇಳಿ. ಬೆನ್ನಿನ ನೂರಕ್ಕೆ 95ರಷ್ಟು ಭಾಗಕ್ಕೆ, ಮೂಲೆಗಳನ್ನೂ ಸೇರಿಸಿ, ಅಡ್ಹೆಸಿವ್ ಹತ್ತಿರಬೇಕು. ಕೇಳಿದ್ದಕ್ಕೆ ಗೌಂಡಿಯವರಿಗೆ ಬೇಸರವಾಗಬಹುದು, ಆದರೂ ಕೇಳಿ.

ವಿಜಯಪುರದ ಬೇಸಿಗೆಯ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಏಪ್ರಿಲ್–ಮೇ ತಿಂಗಳಲ್ಲಿ ನಿಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಇಂಥ ಅಡ್ಹೆಸಿವ್‌ಗಳನ್ನು ಬಳಸುವ ಮೇಲ್ಮಿತಿಯೂ ಸಾಮಾನ್ಯವಾಗಿ ಅಷ್ಟೇ. ಪಶ್ಚಿಮದ ಗೋಡೆ ಮಧ್ಯಾಹ್ನದ ಹೊತ್ತಿಗೆ ಕಾದು, ಹಚ್ಚಿದ ಅಡ್ಹೆಸಿವ್‌ನ ನೀರನ್ನು ಕ್ಷಣದಲ್ಲಿ ಕುಡಿದು ಮೇಲೊಂದು ಕೆನೆ ಕಟ್ಟಿಸುತ್ತದೆ. ಬೆರಳು ಒತ್ತಿದರೆ ಅಂಟದಿದ್ದರೆ ಅದನ್ನು ಕೆರೆದು ತೆಗೆದು ಹೊಸದಾಗಿ ಹಚ್ಚಬೇಕೇ ವಿನಾ ಮೇಲೆ ನೀರು ಚಿಮುಕಿಸಿ ಟೈಲ್ ಒತ್ತಬಾರದು. ಗೋಡೆಯನ್ನು ಮೊದಲೇ ತುಸು ತೇವ ಮಾಡಿ, ಚೀಲ ಮತ್ತು ನೀರನ್ನು ನೆರಳಿನಲ್ಲಿಟ್ಟು, ಆ ಗೋಡೆಯ ಕೆಲಸವನ್ನು ಬೆಳಗಿನ ಹೊತ್ತೇ ಮುಗಿಸಿಸಿ. ಬೆಳಗಾವಿಯ ಮಳೆಗಾಲದಲ್ಲಿ ಕಷ್ಟ ತದ್ವಿರುದ್ಧ: ಅಲ್ಲಿ ಅಂಟು ಒಣಗದೆ, ಮಾರನೆಯ ದಿನವೇ ಟೈಲ್‌ಗಳ ಸಂದಿಗೆ ಗ್ರೌಟ್ ಎಂಬ ಮಿಶ್ರಣ ತುಂಬಿ ತೇವವನ್ನು ಒಳಗೇ ಕಟ್ಟಿಹಾಕುತ್ತಾರೆ.

ಗೋಡೆಯ ಮಟ್ಟವನ್ನೂ ನೋಡಿಸಿ. ಹತ್ತಡಿ ಉದ್ದದ ಪಟ್ಟಿ ಇಟ್ಟರೆ ಎಲ್ಲೂ ಮೂರು ಮಿಲಿಮೀಟರಿಗಿಂತ ಹೆಚ್ಚು ಸಂದಿ ಕಾಣಬಾರದು. ನಿಮ್ಮ ಗೋಡೆಗೆ ಅದರ ಉದ್ದಕ್ಕೆ ತಕ್ಕ ಪಟ್ಟಿ ಸಾಕು. ಸಣ್ಣ ಟೈಲ್ ಉಬ್ಬು ತಗ್ಗನ್ನು ನುಂಗಿಕೊಳ್ಳುತ್ತದೆ, ದೊಡ್ಡದು ಎತ್ತಿ ತೋರಿಸುತ್ತದೆ. ತಗ್ಗನ್ನು ಅಡ್ಹೆಸಿವ್‌ನಿಂದಲೇ ತುಂಬುವುದು ದುಬಾರಿ, ದಪ್ಪವಾದಷ್ಟೂ ಅದು ಕುಗ್ಗುತ್ತದೆ. ಗಿಲಾವಿನಲ್ಲೇ ಸರಿಪಡಿಸಿ, ಅದು ಒಣಗಿದ ಮೇಲೆ ಟೈಲಿಗೆ ಕೈ ಹಾಕಲಿ.

ಕರಿ ಎರೆಮಣ್ಣಿನ ಮೇಲೆ ನಿಂತ ಮನೆಗಳಲ್ಲಿ ಒಂದು ಪರೀಕ್ಷೆ ಹೆಚ್ಚಿಗೆ ಬೇಕು. ಈ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದು ನಿಮಗೆ ಗೊತ್ತಿರುವುದೇ. ವೆಂಟಿಲೇಟರಿನ ಮೂಲೆಯಿಂದ ಓರೆಯಾಗಿ ಇಳಿಯುವ ಬಿರುಕು ಇದೆಯೇ, ಅದು ಬೇಸಿಗೆಯಲ್ಲಿ ಅಗಲವಾಗಿ ಮಳೆಗಾಲದಲ್ಲಿ ಮುಚ್ಚಿಕೊಳ್ಳುತ್ತದೆಯೇ ಎಂದು ನೋಡಿ. ಹಾಗಿದ್ದರೆ ಗೋಡೆ ಇನ್ನೂ ಆಡುತ್ತಿದೆ. ಅದರ ಮೇಲೆ ಎಂಥ ದೊಡ್ಡ ಟೈಲ್ ಹಾಕಿದರೂ ಬಿರುಕು ಟೈಲಿಗೆ ದಾಟುತ್ತದೆ, ಎಸ್1 ಅಡ್ಹೆಸಿವ್ ಕೂಡ ಅದನ್ನು ತಡೆಯಲಾರದು. ಮೊದಲು ಎಂಜಿನಿಯರೊಬ್ಬರಿಂದ ಪಾಯ ತೋರಿಸಬೇಕು. ಕೂದಲಿನಷ್ಟು ತೆಳುವಾದ, ವರ್ಷಗಳಿಂದ ಹಾಗೆಯೇ ಇರುವ ಗಿಲಾವಿನ ಬಿರುಕಿಗೆ ಇಷ್ಟು ಹೆದರಬೇಕಿಲ್ಲ.

ಜಾಯಿಂಟ್ ಕಡಿಮೆಯಾದರೆ ಸೋರುವುದಿಲ್ಲ ಎಂಬ ಮಾತಿಗೆ ನಿಮ್ಮ ಕೆಳಗಿನ ಸೀಲಿಂಗೇ ಉತ್ತರ ಹೇಳಬಲ್ಲದು. ಟೈಲ್ ಮತ್ತು ಗ್ರೌಟ್ ನೀರನ್ನು ನಿಧಾನ ಮಾಡುತ್ತವೆ, ತಡೆಯುವುದಿಲ್ಲ. ಸೋರಿಕೆ ಬರುವುದು ಬಹುತೇಕ ನಾಲ್ಕು ಕಡೆಯಿಂದ: ನಹಾನಿ ಟ್ರ್ಯಾಪಿನ ಸುತ್ತಲ ಸಂದಿ, ಗೋಡೆ ಮತ್ತು ನೆಲ ಸೇರುವ ಮೂಲೆ, ಕಮೋಡಿನ ಪೈಪ್ ಸ್ಲ್ಯಾಬ್ ದಾಟುವ ಜಾಗ, ಗೋಡೆಯೊಳಗಿನ ನೀರಿನ ಪೈಪಿನ ಜೋಡಣೆ. ಮೇಲಿನ ಬಚ್ಚಲನ್ನು ಎರಡು ದಿನ ಬಳಸದೆ ಬಿಟ್ಟೂ ಕೆಳಗೆ ತೇವ ಹೆಚ್ಚುತ್ತಲೇ ಇದ್ದರೆ ಒತ್ತಡದಲ್ಲಿರುವ ನೀರಿನ ಪೈಪಿನ ಮೇಲೆ ಸಂಶಯ ಬಲವಾಗುತ್ತದೆ. ಆದರೆ ಸ್ಲ್ಯಾಬನ್ನು ತಗ್ಗಿಸಿ ಇಟ್ಟಿಗೆ ಚೂರು ತುಂಬಿರುವ ಬಚ್ಚಲಾದರೆ ಆ ಚೂರುಗಳು ವರ್ಷಗಳ ನೀರನ್ನು ಕುಡಿದಿರುತ್ತವೆ, ನಲ್ಲಿ ಮುಚ್ಚಿದ ಮೇಲೂ ವಾರಗಟ್ಟಲೆ ತೊಟ್ಟಿಕ್ಕುತ್ತಿರುತ್ತವೆ.

ಆದ್ದರಿಂದ ಹಳೆಯ ಟೈಲಿನ ಮೇಲೆಯೇ ಹೊಸದನ್ನು ಕೂರಿಸುವುದು ಮೇಲಿನ ಬಚ್ಚಲಿಗೆ ಯಾವ ಲೆಕ್ಕದಲ್ಲೂ ಕೂಡದು. ರೋಗವನ್ನು ಒಳಗೇ ಬಿಟ್ಟು ಮೇಲೆ ಮುಚ್ಚಿದಂತಾಗುತ್ತದೆ, ನೆಲವೂ ಮುಕ್ಕಾಲು ಇಂಚು ಏರಿ ಬಾಗಿಲ ಹೊಸ್ತಿಲಿಗೆ ಸಮವಾಗುತ್ತದೆ. ಅಲ್ಲಿ ನೆಲವನ್ನು ಸ್ಲ್ಯಾಬಿನವರೆಗೆ ಕೆದರಿ, ಪೈಪುಗಳನ್ನು ಒತ್ತಡ ಕೊಟ್ಟು ಪರೀಕ್ಷಿಸಿ, ಸ್ಲ್ಯಾಬಿಗೆ ಮತ್ತು ಗೋಡೆಯ ಬುಡಕ್ಕೆ ಕನಿಷ್ಠ ಒಂದಡಿಯವರೆಗೆ, ಶವರ್ ಬೀಳುವ ಗೋಡೆಗೆ ಆರೇಳು ಅಡಿಯವರೆಗೆ ಪಾಲಿಮರ್ ಬೆರೆತ ಸಿಮೆಂಟಿನ ವಾಟರ್‌ಪ್ರೂಫಿಂಗ್ ಅನ್ನು ಎರಡು ಸಲ, ಒಂದರ ಮೇಲೊಂದು ಅಡ್ಡಡ್ಡವಾಗಿ ಹಚ್ಚಿಸಿ. ಅದು ಒಣಗಿದ ಮೇಲೆ ಟ್ರ್ಯಾಪ್ ಮುಚ್ಚಿ, ಎರಡು ಇಂಚು ನೀರು ಕಟ್ಟಿ, 48 ಗಂಟೆ ಬಿಟ್ಟು ಕೆಳಗಿನ ಸೀಲಿಂಗ್ ನೋಡಿ. ಆ ಎರಡು ದಿನ ಕೆಲಸ ನಿಲ್ಲುತ್ತದೆ ಎಂದು ಇದನ್ನು ಬಿಡಿಸುವವರೇ ಹೆಚ್ಚು, ನೀವು ಬಿಡಬೇಡಿ. ಕೆದರಿದ ನೆಲವನ್ನು ಮತ್ತೆ ತುಂಬಿದ ಮೇಲೆ ಹಾಕುವ ಇಳಿಜಾರಿನ ಹಾಸಿಗೂ ಇನ್ನೊಂದು ಲೇಪ ಇರಲಿ. ಟೈಲ್ ಹಾಕುವ ಮುನ್ನ ಒಂದು ಕೊಡ ನೀರು ಸುರಿದು, ಹತ್ತು ನಿಮಿಷದ ನಂತರ ಎಲ್ಲಾದರೂ ನೀರು ನಿಂತಿದೆಯೇ ಎಂದು ನೋಡಿಕೊಳ್ಳಿ. ಆ ಹಂತದಲ್ಲಿ ಇಳಿಜಾರು ತಿದ್ದುವುದು ಅರ್ಧ ಗಂಟೆಯ ಕೆಲಸ.

ಕೆಳಗಿನ ಬಚ್ಚಲಿನ ಗೋಡೆಯಲ್ಲಿ ಹಳೆಯ ಟೈಲ್ಸ್ ಎಲ್ಲವೂ ಗಟ್ಟಿಯಾಗಿದ್ದು, ತಟ್ಟಿದಾಗ ಟೊಳ್ಳು ಸದ್ದು ಬಾರದಿದ್ದರೆ, ಮೇಲ್ಮೈ ಉಜ್ಜಿ ಒರಟು ಮಾಡಿ ಅದಕ್ಕೆಂದೇ ಇರುವ ಅಡ್ಹೆಸಿವ್ ಬಳಸಿ ಮೇಲೆ ಕೂರಿಸಲು ಸಾಧ್ಯವಿದೆ. ಆದರೆ 15 ಕೆ.ಜಿ.ಯ ಟೈಲಿನ ಭಾರವನ್ನು ಹದಿನಾಲ್ಕು ವರ್ಷದ ಹಿಂದಿನ ಸಿಮೆಂಟ್ ಹಾಲಿನ ಹಿಡಿತಕ್ಕೆ ಒಪ್ಪಿಸಲು ನನಗೆ ಮನಸ್ಸು ಬರುವುದಿಲ್ಲ. ಒಡೆಯಿಸಿಯೇ ಹಾಕಿಸಿ.

ಜಾಯಿಂಟೇ ಇಲ್ಲದಂತೆ ಒತ್ತಿ ಕೂರಿಸಲು ಬಿಡಬೇಡಿ. ಅಂಚು ನೇರವಾಗಿ ಕತ್ತರಿಸಿದ ಟೈಲ್‌ಗೂ ಗೋಡೆಯಲ್ಲಿ ಎರಡು, ನೆಲದಲ್ಲಿ ಮೂರು ಮಿಲಿಮೀಟರ್ ಸ್ಪೇಸರ್ ಇರಲಿ. ಲೆವೆಲಿಂಗ್ ಕ್ಲಿಪ್ ಹಾಕಿಸಿದರೆ ಅಂಚುಗಳು ಏರುಪೇರಾಗುವುದಿಲ್ಲ. ಉದ್ದನೆಯ ಟೈಲ್‌ಗಳು ನಡುವೆ ಸ್ವಲ್ಪ ಬಾಗಿರುವುದು ಸಹಜ, ಆದ್ದರಿಂದ ಇಟ್ಟಿಗೆ ಕಟ್ಟುವಂತೆ ಅರ್ಧಕ್ಕೆ ಅರ್ಧ ಸರಿಸಿ ಜೋಡಿಸಿದರೆ ಒಂದರ ಉಬ್ಬಿನ ಪಕ್ಕ ಇನ್ನೊಂದರ ತುದಿ ಬಂದು ಎದ್ದು ಕಾಣುತ್ತದೆ. ನೇರ ಸಾಲೇ ಒಳ್ಳೆಯದು. ಗ್ರೌಟ್ ಎಪಾಕ್ಸಿಯದಾಗಿರಲಿ, ಬೆಲೆ ಹೆಚ್ಚು, ಹಾಕಿದ ಕೂಡಲೇ ಒರೆಸದಿದ್ದರೆ ಟೈಲಿನ ಮೇಲೆ ಉಳಿದುಬಿಡುತ್ತದೆ, ಆದರೆ ಸವಳು ನೀರಿಗೂ ಸೋಪಿಗೂ ಬಣ್ಣ ಕೆಡುವುದಿಲ್ಲ. ಒಳಮೂಲೆಗಳಲ್ಲಿ ಮಾತ್ರ ಗ್ರೌಟ್ ಬೇಡ, ಸಿಲಿಕೋನ್ ತುಂಬಿಸಿ. ಎರಡು ಗೋಡೆಗಳು ಬೇರೆ ಬೇರೆಯಾಗಿ ಆಡುವ ಜಾಗ ಅದು.

ಸವಳಿನ ಕಲೆ ಯಾವ ಟೈಲಿನ ಮೇಲೂ ಕೂರುತ್ತದೆ. ಕಡು ಬಣ್ಣದ ಹೊಳಪಿನ ಮೇಲೆ ಅದು ಅತಿ ಹೆಚ್ಚು, ನಿಮ್ಮ ಬಿಳಿಯ ಮೇಲೆ ಕಡಿಮೆ ಕಾಣುತ್ತದೆ. ಸ್ನಾನವಾದ ಮೇಲೆ ಗೋಡೆಗೆ ಒಂದು ಸಲ ವೈಪರ್ ಎಳೆದರೆ ಅರ್ಧ ಕೆಲಸ ಮುಗಿಯಿತು. ಆ್ಯಸಿಡ್ ಬೇಡವೇ ಬೇಡ: ಅದು ಸಿಮೆಂಟ್ ಗ್ರೌಟನ್ನು ತಿನ್ನುತ್ತದೆ, ನಲ್ಲಿಗಳ ಹೊಳಪು ತೆಗೆಯುತ್ತದೆ, ಮುಚ್ಚಿದ ಬಚ್ಚಲಿನಲ್ಲಿ ಅದರ ಹೊಗೆ ಎದೆಗೂ ಕೆಟ್ಟದ್ದು.

ಅತ್ತೆಯವರ ಬಚ್ಚಲಿನಲ್ಲಿ ಕಮೋಡಿನ ಪಕ್ಕ ಮತ್ತು ಸ್ನಾನದ ಜಾಗದಲ್ಲಿ ಹಿಡಿಕೆಗಳನ್ನು ಎಲ್ಲಿ ಹಾಕಬೇಕೆಂಬುದನ್ನು ಟೈಲ್ ಹಾಕುವ ಮೊದಲೇ ಅವರನ್ನೇ ನಿಲ್ಲಿಸಿ, ಕೂರಿಸಿ ಗುರುತು ಮಾಡಿ. ರಂಧ್ರವನ್ನು ಡೈಮಂಡ್ ಬಿಟ್‌ನಿಂದ, ಡ್ರಿಲ್ಲಿನ ಸುತ್ತಿಗೆ ಹೊಡೆತವನ್ನು ನಿಲ್ಲಿಸಿ ಕೊರೆಯಬೇಕು. ಬೋಲ್ಟ್ ಟೈಲನ್ನು ದಾಟಿ ಇಟ್ಟಿಗೆಯೊಳಗೆ ಹಿಡಿದಿರಬೇಕು. ಹೊಸ್ತಿಲಿನ ಎತ್ತರ ಅರ್ಧ ಇಂಚಿಗಿಂತ ಹೆಚ್ಚಾಗದಿರಲಿ, ಅದರ ಅಂಚು ಇಳಿಜಾರಾಗಿರಲಿ.

ಉಳಿದದ್ದು ನೀವು ಕೊಟ್ಟ ಮುಂಗಡ. ಬಚ್ಚಲೊಂದಕ್ಕೆ ಗೋಡೆಗೆ 11, ನೆಲಕ್ಕೆ 3, ಒಟ್ಟು 14 ಬಾಕ್ಸ್, ಅಂದರೆ 28 ಟೈಲ್. ಗೋಡೆಗೇ 24ರಿಂದ 26 ಬೇಕಾಗಿರುವುದರಿಂದ ಆ ಆರ್ಡರನ್ನು ರದ್ದು ಮಾಡುವ ಅಗತ್ಯವಿಲ್ಲ. ಎಲ್ಲ 14 ಬಾಕ್ಸ್‌ಗಳನ್ನೂ ಒಂದೇ ಬ್ಯಾಚ್ ಮತ್ತು ಶೇಡ್ ಸಂಖ್ಯೆ ನೋಡಿ ಇಳಿಸಿಕೊಂಡು ಗೋಡೆಗೇ ಬಳಸಿ, ಉಳಿದ ಒಂದೆರಡನ್ನು ಮುಂದಿನ ರಿಪೇರಿಗೆಂದು ಅಟ್ಟದಲ್ಲಿ ನಿಲ್ಲಿಸಿಡಿ. ನೆಲಕ್ಕೆ ಬೇಕಾದ ಒಂದಡಿಯ ಮ್ಯಾಟ್ ಟೈಲ್ ಬಚ್ಚಲಿಗೆ 42 ಚದರ ಅಡಿ ತಂದರೆ ಸಾಕು, ಅದನ್ನೂ ನೀರು ಕಟ್ಟಿದ ಪರೀಕ್ಷೆ ಮುಗಿದ ಮೇಲೆ ತಂದರಾಯಿತು.